ಬಟರ್‌ಫ್ಲೈ ಈಜಿನಲ್ಲಿ ಸೊಂಟ ಮುಳುಗುವುದೇಕೆ?

ಪ್ರಶ್ನೆ: ಫ್ರೀಸ್ಟೈಲ್‌ನಲ್ಲಿ ಅರ್ಧ ಗಂಟೆ ನಿಲ್ಲದೆ ಈಜಬಲ್ಲ ನನಗೆ ಬಟರ್‌ಫ್ಲೈನಲ್ಲಿ 25 ಮೀಟರ್ ಕೊಳವನ್ನು ದಾಟುವುದೇ ಕಷ್ಟವಾಗಿದೆ. ಅರ್ಧದಲ್ಲೇ ಸೊಂಟ ಮುಳುಗುತ್ತದೆ, ತೋಳುಗಳು ನೀರಿನಿಂದ ಮೇಲೇಳುವುದಿಲ್ಲ. ತೋಳಿನ ಬಲ ಹೆಚ್ಚಿಸಿಕೊಳ್ಳಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ತೋಳಿನ ಬಲಕ್ಕಿಂತ ಮೊದಲು ತಲೆಯ ಚಲನೆಯನ್ನು ಗಮನಿಸಿ. ಉಸಿರಿಗಾಗಿ ಎತ್ತಿದ ತಲೆಯನ್ನು ಕೈಗಳು ಮುಂದೆ ಬಂದು ನೀರಿಗೆ ಬಿದ್ದ ಮೇಲೂ ಹಾಗೆಯೇ ಹಿಡಿದಿದ್ದರೆ ಸೊಂಟ ಕುಸಿಯದೆ ಇರದು. ಗಲ್ಲ ನೀರನ್ನು ಸವರುವಷ್ಟೇ ಎತ್ತರದಲ್ಲಿ, ಅಂಗೈಗಳು ಹೊಟ್ಟೆಯ ಕೆಳಗೆ ನೀರನ್ನು ಹಿಂದಕ್ಕೆ ತಳ್ಳುತ್ತಿರುವಾಗಲೇ ಉಸಿರೆಳೆಯಲು ತೊಡಗಿ, ಕೈಗಳು ಮತ್ತೆ ನೀರು ಸೇರುವ ಮೊದಲೇ ಮುಖವನ್ನು ಒಳಗಿಳಿಸಬೇಕು.

ತೋಳಿನ ಒಂದು ಸುತ್ತಿಗೆ ಎರಡು ಒದೆತಗಳಿರುತ್ತವೆ: ಕೈಗಳು ನೀರು ಸೇರುವಾಗ ಒಂದು, ತೊಡೆಯ ಬಳಿ ಹೊರಬರುವಾಗ ಇನ್ನೊಂದು. (ಕಲಿಸುವವರು ಎಣಿಕೆಯನ್ನು ಹೇಳಿ, ಹೊತ್ತನ್ನು ಹೇಳಲು ಮರೆಯುವುದೂ ಉಂಟು.) ನಿಮ್ಮಲ್ಲಿ ಬಹುಶಃ ಎರಡನೆಯದು ತಡವಾಗುತ್ತಿದೆ. ಒದೆತವು ಮಂಡಿಯಿಂದಲ್ಲ, ಎದೆಯನ್ನು ಕೆಳಗೊತ್ತಿದಾಗ ಸೊಂಟದ ಮೂಲಕ ಸಾಗುವ ಅಲೆಯಿಂದ ಹುಟ್ಟಬೇಕು.

ಕೆಲವು ವಾರ ಒಂದು ಕೈಯನ್ನು ಮುಂದೆ ಚಾಚಿಟ್ಟು, ಇನ್ನೊಂದರಿಂದಷ್ಟೇ ಈಜುತ್ತ ಎರಡೂ ಒದೆತಗಳನ್ನು ಹೊಂದಿಸಿಕೊಳ್ಳಿ. ಲಯ ತಪ್ಪಿದ ಕೂಡಲೇ ನಿಲ್ಲಿಸಿ, ಇಲ್ಲವಾದರೆ ಭುಜ ನೋಯುತ್ತದೆ.