ಹತ್ತನೇ ಕ್ಲಾಸ್ ಮುಗಿಯಿತು, ಮಧ್ಯಾಹ್ನದ ಊಟವೂ ನಿಂತಿತು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 16 ವರ್ಷ, ಫಸ್ಟ್ ಪಿಯುಸಿ. ನಾನು, ಯಜಮಾನರು ಇಬ್ಬರೂ ಕೂಲಿಗೆ ಹೋಗುತ್ತೇವೆ. ಹೈಸ್ಕೂಲಿನಲ್ಲಿ ಬಿಸಿಯೂಟ ಇತ್ತು, ಚಿಂತೆ ಇರಲಿಲ್ಲ. ಈಗ ಬೆಳಿಗ್ಗೆ ಏಳೂವರೆ ಬಸ್ಸಿಗೆ ಚಹಾ ಕುಡಿದು ಹೋದರೆ ಬರುವುದು ನಾಲ್ಕಕ್ಕೆ. ನಡುವೆ ಐದು ರೂಪಾಯಿಯ ಚಿಪ್ಸ್ ಅಷ್ಟೇ. ಹೋದ ವಾರ ತಲೆ ತಿರುಗಿ ಬಿದ್ದಳಂತೆ. ಬುತ್ತಿ ಕಟ್ಟುತ್ತೇನೆ ಅಂದರೆ ‘ಹಸಿವಾಗಲ್ಲ, ಬೇಡ’ ಅನ್ನುತ್ತಾಳೆ. ಹಾಲು, ಹಣ್ಣು, ಟಾನಿಕ್ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ದುಡ್ಡು ಎಲ್ಲಿಂದ ತರಲಿ?
— ಒಬ್ಬ ತಾಯಿ, ಕೊಪ್ಪಳ ಜಿಲ್ಲೆ

ಉತ್ತರ: ಟಾನಿಕ್ ವಿಷಯ ಆಮೇಲೆ. ಮೊದಲು ಒಂದು ಲೆಕ್ಕ ಹಾಕೋಣ. ರಾತ್ರಿ ಎಂಟೂವರೆಗೆ ಉಂಡರೆ ಮರುದಿನ ನಾಲ್ಕರ ತನಕ ಹತ್ತೊಂಬತ್ತೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ಅವಳ ಹೊಟ್ಟೆಗೆ ಬಿದ್ದಿದ್ದು ಒಂದು ಲೋಟ ಚಹಾ, ಒಂದು ಹಿಡಿ ಚಿಪ್ಸ್. ತಲೆ ತಿರುಗದೆ ಇನ್ನೇನಾಗುತ್ತದೆ?

ಬಿಸಿಯೂಟ ನಮ್ಮ ರಾಜ್ಯದಲ್ಲಿ ಶುರುವಾಗಿದ್ದೇ ನಿಮ್ಮ ಕಡೆ. 2002ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು, ಕೊಪ್ಪಳವೂ ಅದರಲ್ಲಿತ್ತು. ಈಗ ಹತ್ತನೇ ಕ್ಲಾಸಿನ ತನಕ ಊಟದ ಜೊತೆ ಹಾಲು, ಮೊಟ್ಟೆಯೂ ಸಿಗುತ್ತದೆ. ಪಿಯುಸಿಗೆ ಕಾಲಿಟ್ಟ ಕೂಡಲೇ ಹೆಚ್ಚಿನ ಕಡೆ ತಟ್ಟೆಯೇ ಮಾಯ. ಹೊಟ್ಟೆಗೇನು ಗೊತ್ತು ಎಸ್ಸೆಸ್ಸೆಲ್ಸಿ ಪಾಸಾಯಿತು ಅಂತ? ಇನ್ನೂ ಬೆಳೆಯುವ ವಯಸ್ಸು, ಮೇಲೆ ತಿಂಗಳ ಮುಟ್ಟು. ಈ ವಯಸ್ಸಿನ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಸಿಗುತ್ತಿರುವುದು ಎಷ್ಟು ಅನ್ನುವುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ.

ಇನ್ನು ಆ ‘ಹಸಿವಾಗಲ್ಲ’. ಇದನ್ನು ನಾನು ಸುಮ್ನೆ ನಂಬುವುದಿಲ್ಲ. ಹೀಗೇ ಹೇಳಿದ ಒಬ್ಬ ಹುಡುಗಿ, ಅವಳ ಅಮ್ಮ ಆಸ್ಪತ್ರೆ ಚೀಟಿ ಮಾಡಿಸಲು ಹೊರಗೆ ಹೋದಾಗ ಬಾಯಿಬಿಟ್ಟಳು: ‘ಬುಟ್ಟ್ಯಾಗ ಮೂರ ರೊಟ್ಟಿ ಇರ್ತಾವ್ರಿ ಮೇಡಂ. ನಾ ಒಯ್ದ್ರ ತಮ್ಮ ಏನ್ ತಿನ್ನಬೇಕು?’ ನಿಮ್ಮ ಮಗಳೂ ಹಾಗೆ ಎಣಿಸುತ್ತಿರಬಹುದು. ಅಥವಾ ಗೆಳತಿಯರ ಮುಂದೆ ರೊಟ್ಟಿ ಬಿಚ್ಚಲು ನಾಚಿಕೆ ಇರಬಹುದು. ಬೈಯದೆ, ಯಾರೂ ಇಲ್ಲದಾಗ ಕೇಳಿ. ‘ನಿನ್ನ ಪಾಲು ಬೇರೆ ತೆಗೆದಿಟ್ಟಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿ.

ಬುತ್ತಿಗೆ ಹೊಸದೇನೂ ಬೇಡ. ನಿಮ್ಮ ಕಡೆಯ ಖಡಕ್ ರೊಟ್ಟಿ ಇದೆಯಲ್ಲ, ಬಿಡುವಿದ್ದ ದಿನ ಮಾಡಿಟ್ಟರೆ ವಾರವಿಡೀ ನಡೆಯುತ್ತದೆ. ಬೆಳಿಗ್ಗೆ ಒಲೆ ಮುಂದೆ ಕೂರುವುದು ತಪ್ಪುತ್ತದೆ. ಜೊತೆಗೆ ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಹಿಡಿ ಮೊಳಕೆ ಬಂದ ಹೆಸರುಕಾಳು. ರೊಟ್ಟಿಗೆ ನಾಚಿಕೊಂಡರೆ ಶೇಂಗಾ ಹಾಕಿದ ಚಿತ್ರಾನ್ನ ಕಟ್ಟಿ, ನಿಂಬೆಹುಳಿ ಧಾರಾಳವಾಗಿರಲಿ. ಹುಳಿಯಿದ್ದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಚಹಾ ಅದನ್ನು ತಡೆಯುತ್ತದೆ. ಹಾಗಾಗಿ ಉಂಡ ಮೇಲೆ ಒಂದು ಗಂಟೆಯಾದರೂ ಚಹಾ ಬೇಡ. ಬೆಳಿಗ್ಗೆ ಬರೀ ಚಹಾ ಕುಡಿದು ಓಡುವ ಬದಲು ಅರ್ಧ ರೊಟ್ಟಿಗೆ ಬೆಲ್ಲ, ಶೇಂಗಾ ಇಟ್ಟು ಸುತ್ತಿ ಕೈಗೆ ಕೊಡಿ. ಬಸ್ಸಿನಲ್ಲಿ ತಿನ್ನಲಿ. ಹಣ್ಣು ಅಂದರೆ ಸೇಬೇ ಆಗಬೇಕಾಗಿಲ್ಲ. ಪೇರಲ, ನೆಲ್ಲಿಕಾಯಿ ಅದಕ್ಕಿಂತ ಮೇಲು. ನುಗ್ಗೆಸೊಪ್ಪಿಗೆ ಯಾರೂ ದುಡ್ಡು ಕೇಳುವುದಿಲ್ಲ. ವಾರಕ್ಕೆ ಎರಡು ಮೂರು ಮೊಟ್ಟೆ ಆದರೆ ಒಳ್ಳೆಯದು.

ಅಂದ ಹಾಗೆ, ರೇಷನ್ ಅಕ್ಕಿಯಲ್ಲಿ ಕೆಲವು ಕಾಳು ಬೇರೆ ಥರ ಕಂಡಿವೆಯಾ? ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುವವರನ್ನು ತುಂಬ ನೋಡಿದ್ದೇನೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು. ಅಂಥ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಎಸೆದರೆ ಪುಕ್ಕಟೆ ಬಂದ ಔಷಧವನ್ನೇ ಎಸೆದಂತೆ.

ಬಿದ್ದಿದ್ದಾಳೆ ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಗ ಎಷ್ಟು ಮಾತ್ರೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆ ಅವಳಿಗೆ ಸಿಗುತ್ತಿದೆಯಾ ಅಂತಲೂ ಕೇಳಿ. ಊಟ ಆದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುತ್ತದೆ. ಮಲ ಕಪ್ಪಗಾದರೆ ಹೆದರಬೇಡಿ. ಆರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆಯೂ ಇರಲಿ.

ಓಡಾಟವೇ ಕಷ್ಟ ಅನ್ನಿಸಿದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ವಿಚಾರಿಸಿ. ಊಟ, ವಸತಿ ಎರಡೂ ಉಚಿತ. ಹೊಸ ವರ್ಷದ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಕಾಲೇಜಿನಲ್ಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: 17 ವರ್ಷ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ತಿಂಗಳ ಕೊನೆಗೆ ದುಡ್ಡು ಮುಗಿದು ಬರೀ ನೂಡಲ್ಸ್. ತುಂಬ ಸಣ್ಣಗಿದ್ದೇನೆ. ಪ್ರೋಟೀನ್ ಪುಡಿ ತಗೊಳ್ಳಲಾ?

ಉತ್ತರ: ಬೇಡಪ್ಪ. ನನ್ನ ಮಗನ ವಯಸ್ಸು, ‘ನೀನು’ ಅಂತಲೇ ಬರೆಯುತ್ತೇನೆ. ನಿನ್ನ ವಯಸ್ಸಿಗೆ ದಿನಕ್ಕೆ ಸುಮಾರು 55 ಗ್ರಾಂ ಪ್ರೋಟೀನ್ ಸಾಕು. ನೂರು ಗ್ರಾಂ ಶೇಂಗಾದಲ್ಲೇ ಸುಮಾರು 25 ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ 6. ಮನೆಯಿಂದ ದುಡ್ಡು ಬಂದ ದಿನವೇ ತಿಂಗಳಿಗಾಗುವ ಅಕ್ಕಿ, ಬೇಳೆ, ಶೇಂಗಾ, ಪುಟಾಣಿ (ಹುರಿಗಡಲೆ) ತಂದು ಡಬ್ಬಿ ತುಂಬಿಸು. ಉಳಿದಿದ್ದರಲ್ಲಿ ಮಿಕ್ಕ ಖರ್ಚು. ನೂಡಲ್ಸೇ ಗತಿ ಅನ್ನುವ ದಿನ ಅದಕ್ಕೆ ಒಂದು ಮೊಟ್ಟೆ ಒಡೆದು ಹಾಕು. ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ತೂಕ ಇಳಿಯುತ್ತಲೇ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸು. ಊರಿಗೆ ಹೋದಾಗ ಅಮ್ಮನ ಕೈಲಿ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಬಾ. ರೂಮಿನವರು ಕಿತ್ತುಕೊಂಡು ತಿನ್ನುತ್ತಾರೆ, ಸ್ವಲ್ಪ ಜಾಸ್ತಿನೇ ತಾ.