ಚೆಸ್ಸಿನಲ್ಲಿ ಒಂದು ಪಾನ್ (ಕಾಲಾಳು) ಜಾಸ್ತಿ ಇದ್ದರೂ ಗೇಮ್ ಡ್ರಾ ಆಯ್ತು, ನಾನು ಸರಿಯಾಗಿ ಆಡಲಿಲ್ಲ ಅಂತಾನಾ?

ಖಂಡಿತ ಹಾಗಲ್ಲ. ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ನಿಮಗೆ ಮಾತ್ರ ಒಂದು ಪಾನ್ ಉಳಿದಿತ್ತು ಅಂತ ಬರೆದಿದ್ದೀರಿ. ಎದುರಿನವರ ರಾಜ ಆ ಪಾನ್ ಮುಂದೆ ಬಂದು ನಿಂತಿದ್ದು, ಅವರಿಗೆ ಆನೆ ಎಲ್ಲಿಡಬೇಕು ಅಂತ ಗೊತ್ತಿದ್ದರೆ ಅದು ಡ್ರಾನೇ. ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ಈ ಉಪಾಯ ತೋರಿಸಿಕೊಟ್ಟಿದ್ದಾನೆ.

ತುಮಕೂರಿನ ನಮ್ಮ ಕ್ಲಬ್ಬಿನಲ್ಲಿ ನನಗೂ ಇಂಥದ್ದೇ ಒಂದು ಗೇಮ್ ಬಂದಿತ್ತು. ಗುಬ್ಬಿಯಿಂದ ಬರುವ ಹಿರಿಯರೊಬ್ಬರು ಬಿಳಿ, ನಾನು ಕಪ್ಪು. ಅವರ ರಾಜ ಡಿ5, ಪಾನ್ ಇ5, ಆನೆ ಎಚ್7 (ಅಕ್ಷರ ಅಂದರೆ ಉದ್ದ ಸಾಲು, ಸಂಖ್ಯೆ ಅಂದರೆ ಬಿಳಿ ಕಡೆಯಿಂದ ಎಣಿಸುವ ಅಡ್ಡ ಸಾಲು). ನನ್ನ ರಾಜ ಇ8ರಲ್ಲಿ ಪಾನಿಗೆ ಅಡ್ಡ ನಿಂತಿದ್ದ, ಆನೆ ಎ6ರಲ್ಲಿತ್ತು. ಆರನೇ ಸಾಲನ್ನು ಆನೆ ಕಾಯುತ್ತಿರುವಷ್ಟು ಹೊತ್ತು ಬಿಳಿ ರಾಜ ಆ ಸಾಲಿಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ನಾನು ಸುಮ್ನೆ ಬಿ6, ಮತ್ತೆ ಎ6 ಅಂತ ಅಲ್ಲಲ್ಲೇ ಓಡಾಡುತ್ತಿದ್ದೆ. ಬೇರೆ ದಾರಿ ಕಾಣದೆ ಅವರು ಪಾನನ್ನು ಇ6ಕ್ಕೆ ತಳ್ಳಿದರು. ಅಲ್ಲೇ ಇರೋದು ವಿಷಯ! ಮುಂದೆ ಅವರ ರಾಜ ಪಾನಿನ ಪಕ್ಕದ ಮನೆಗೆ ಬಂದರೆ ಎಚ್8ರಲ್ಲಿ ಆನೆಯಿಂದ ನನಗೆ ಮೇಟ್ (ತಪ್ಪಿಸಿಕೊಳ್ಳಲಾಗದ ಚೆಕ್) ಕಾದಿದೆ. ಆದರೆ ರಾಜ ಅಡಗಿಕೊಳ್ಳಬಹುದಾಗಿದ್ದ ಇ6 ಮನೆಯಲ್ಲಿ ಈಗ ಅವರದ್ದೇ ಪಾನ್ ಕೂತಿದೆ. ತಕ್ಷಣ ಆನೆಯನ್ನು ಎ1ಕ್ಕೆ ಇಳಿಸಿದೆ. ರಾಜ ಡಿ6ಕ್ಕೆ ಬಂದ, ಡಿ1ರಿಂದ ಚೆಕ್. ಇ5ಕ್ಕೆ ಹೋದ, ಇ1ರಿಂದ ಚೆಕ್. ಹಿಂದಿನಿಂದ ಬರುವ ಈ ಚೆಕ್‌ಗಳಿಗೆ ಕೊನೆಯೇ ಇಲ್ಲ.

ಅದೇ ಪೊಸಿಷನ್, ಅದೇ ಆಟಗಾರರ ಸರದಿಯಲ್ಲಿ, ಮೂರನೇ ಸಲ ಬರುವ ನಡೆಯನ್ನು ಆಡದೆ ಸ್ಕೋರ್ ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದು ಡ್ರಾ ಕೇಳಿದೆ. ಆ ಹಿರಿಯರು ಕೈಕುಲುಕಿ, "ಚೆನ್ನಾಗಿ ಹಿಡ್ಕೊಂಡೆ ಕಣಪ್ಪಾ" ಅಂದರು. ಅವರು ಎಲ್ಲೂ ತಪ್ಪು ಆಡಿರಲಿಲ್ಲ, ನೋಡಿ. ಅರ್ಧ ಪಾಯಿಂಟ್ ಇಬ್ಬರೂ ದುಡಿದೇ ತಗೊಂಡಿದ್ದು. 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ಆಡಿದ 12 ಕ್ಲಾಸಿಕಲ್ (ಹೆಚ್ಚು ಸಮಯದ) ಗೇಮುಗಳೂ ಡ್ರಾ ಆಗಿದ್ದವು, ಅವರಿಗೆ ಆಡೋಕೆ ಬರಲ್ಲ ಅಂತ ಯಾರಾದರೂ ಹೇಳ್ತಾರಾ?

ಮುಂದಿನ ಸಲ ಪಾನ್ ತಳ್ಳೋಕೆ ಅವಸರ ಬೇಡ. ಅವರ ಆನೆ ಆರನೇ ಸಾಲು ಹಿಡಿಯುವ ಮೊದಲೇ ನಿಮ್ಮ ರಾಜ ಅಲ್ಲಿಗೆ ತಲುಪಿರಬೇಕು, ಪಾನ್ ಅವನ ಹಿಂದೆ ಬರಲಿ. ಹಾಗಾದರೆ ಡ್ರಾ ಮಾಡೋದು ಅವರಿಗೆ ತುಂಬಾ ಕಷ್ಟವಾಗುತ್ತದೆ.