ಪ್ರತಿಕ್ರಿಯೆ: ಪ್ರಸಾಧನ ಉದ್ಯಮದಲ್ಲಿ ಗಂಡಸರ ಪಾಲು

ಹೆಂಗಸರ ಪ್ರಸಾಧನ ಉದ್ಯಮವನ್ನು ಗಂಡಸರೇ ಕಟ್ಟಿದರೇ, ನಮ್ಮ ಲ್ಯಾಕ್ಮೆಯೂ ಹಾಗೆಯೇ ಹುಟ್ಟಿತೇ ಎಂದು ನೀವು ಕೇಳಿದ್ದೀರಿ. ಬಹುಮಟ್ಟಿಗೆ ಹೌದು. 1909ರಲ್ಲಿ ಲೊರಿಯಲ್ ಕಂಪೆನಿಗೆ ಬುನಾದಿ ಹಾಕಿದ ಯೂಜೀನ್ ಶ್ಯುಲ್ಲರ್ ಕೂದಲಿನ ಬಣ್ಣ ತಯಾರಿಸಿದ ರಸಾಯನವಿಜ್ಞಾನಿ. 1932ರಲ್ಲಿ ಉಗುರುಬಣ್ಣದಿಂದ ಮೊದಲಾದ ರೆವ್ಲಾನ್‌ನ ಸ್ಥಾಪಕರೂ ಗಂಡಸರೇ. ಆದರೆ ತಮ್ಮದೇ ಪ್ರಸಾಧನ ಕಂಪೆನಿಗಳನ್ನು ಕಟ್ಟಿದ ಹೆಂಗಸರಾದ ಹೆಲೆನಾ ರೂಬಿನ್‌ಸ್ಟೈನ್, ಎಲಿಜಬೆತ್ ಆರ್ಡೆನ್ ಅವರನ್ನು ಬಿಟ್ಟು ಈ ಚರಿತ್ರೆ ಬರೆಯುವುದು ಅನ್ಯಾಯ.

ಲ್ಯಾಕ್ಮೆಯ ಕಥೆ ಇನ್ನೂ ಸ್ವಾರಸ್ಯಕರವಾದುದು. ವಿದೇಶಿ ಪ್ರಸಾಧನಗಳಿಗೆ ವಿದೇಶಿ ವಿನಿಮಯ ಹರಿದುಹೋಗುವುದನ್ನು ತಡೆಯುವ ಉದ್ದೇಶದಿಂದ 1952ರಲ್ಲಿ ಜೆ.ಆರ್.ಡಿ. ಟಾಟಾ ಅವರ ಕಾಲದಲ್ಲಿ ಟಾಟಾ ಸಮೂಹ ಅದನ್ನು ಆರಂಭಿಸಿತಾದರೂ, ಮನೆಮಾತಾಗುವಂತೆ ಬೆಳೆಸಿದವರು 1961ರಲ್ಲಿ ಸೇರಿ 1982ರಲ್ಲಿ ಅಧ್ಯಕ್ಷೆಯಾದ ಸಿಮೋನ್ ಟಾಟಾ.

ನನ್ನನ್ನು ಹೆಚ್ಚು ಕಾಡುವುದು ಮಾಲೀಕತ್ವವಲ್ಲ, ಗಂಡಿನ ಕಣ್ಣಿಗೆ ಒಪ್ಪಿಗೆಯಾಗಬೇಕೆಂಬ ಅಳತೆಗೋಲು. ದೀಪದ ಮಸಿಯಿಂದ ಕಾಡಿಗೆ ಮಾಡಿ, ಮುಡಿಗೆ ಶಂಕರಪುರ ಮಲ್ಲಿಗೆ ಮುಡಿಯುತ್ತಿದ್ದ ನನ್ನ ಅಜ್ಜಿಗೆ ಮೈಬಣ್ಣ ಎಂದೂ ಚಿಂತೆಯಾಗಿರಲಿಲ್ಲ. ಆದರೆ ಇದೇ ಉಡುಪಿಯಲ್ಲಿ ನನ್ನ ತಂಗಿಯನ್ನು ನೋಡಲು ಬಂದವರು ಮೊದಲು ಕೇಳಿದ್ದು ಅದನ್ನೇ. 1975ರಲ್ಲಿ ಬಂದ ‘ಫೇರ್ ಆ್ಯಂಡ್ ಲವ್ಲಿ’ಯ ಜಾಹೀರಾತುಗಳು ಬಿಳುಪನ್ನು ಮದುವೆಗೂ ಉದ್ಯೋಗಕ್ಕೂ ಗಂಟುಹಾಕಿದವು. ‘ಫೇರ್’ ಎಂಬ ಪದ ಆ ಹೆಸರಿನಿಂದ ಹೋದದ್ದು 2020ರಲ್ಲಿ.